ಗುಬ್ಬಿಗೆ ಯಾವ ಶಿಶುವಿಹಾರ

ಫೆಬ್ರವರಿ ೯

ಗುಬ್ಬಿಯ ಅಪ್ಪನಿಗೆ,

ಈ ಕಾಗದವನ್ನು ಗುಬ್ಬಿಯ ಚೀಲದಲ್ಲಿ, ಅವಳ ಬಟ್ಟೆಗಳ ಅಡಿಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಫೋನು ಇರುವಾಗ ಕಾಗದವೇಕೆ ಎಂದು ನೀವು ಹುಬ್ಬೇರಿಸಬಹುದು. ಫೋನಿನಲ್ಲಿ ನಾವು ಮಾತಾಡುವ ಚಂದ ನಿಮಗೂ ಗೊತ್ತು. ಎರಡನೆಯ ಮಾತಿಗೇ ಇಬ್ಬರೂ ಸುಮ್ಮನಾಗುತ್ತೇವೆ. ಆಮೇಲೆ ಯಾರು ಮೊದಲು ಇಡಬೇಕು ಎಂದು ಕಾಯುತ್ತಾ ಕೂರುತ್ತೇವೆ.

ವಿಷಯ ಇಷ್ಟು. ಗುಬ್ಬಿಗೆ ನಾಲ್ಕು ತುಂಬಿತು. ಜೂನ್‌ನಲ್ಲಿ ಶಿಶುವಿಹಾರಕ್ಕೆ ಸೇರಿಸಬೇಕು. ನಾನು ಅಣ್ಣನ ಮನೆಗೆ ಬಂದಾಗಿನಿಂದ ಅವಳು ಅರ್ಧ ವಾರ ಇಲ್ಲಿ, ಅರ್ಧ ವಾರ ಹೊಳೆಯಾಚೆ ನಿಮ್ಮಲ್ಲಿ ಇರುತ್ತಿದ್ದಾಳೆ. ಇನ್ನು ಅದು ನಡೆಯುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಅಣ್ಣ ಹೇಳಿಯೇಬಿಟ್ಟ. "ಮಗು ಏನು ನನ್ನ ಬಸ್ಸಾ, ದಿನಾ ಹೊಳೆ ದಾಟಿ ಆ ಕಡೆ ಈ ಕಡೆ ಓಡಾಡೋಕೆ? ಎಲ್ಲಿ ಶಾಲೆಗೆ ಹೋಗ್ತಾಳೋ ಅಲ್ಲೇ ಇರ್ಲಿ. ಶನಿವಾರ ಭಾನುವಾರ ಇನ್ನೊಬ್ಬರ ಹತ್ರ ಬರ್ಲಿ." ಕಂಡಕ್ಟರ್ ಅಲ್ಲವೇ, ಅವನಿಗೆ ಎಲ್ಲವೂ ಬಸ್ಸೇ. ಆದರೆ ಮಾತು ಸರಿಯಾಗಿತ್ತು.

ನಮ್ಮೂರಿಗೆ ಇರುವುದು ಎರಡೇ ಸರ್ಕಾರಿ ಶಿಶುವಿಹಾರ. ಹೊಳೆಯ ಈ ಕಡೆ ಬಸ್ ನಿಲ್ದಾಣದ್ದು, ಆ ಕಡೆ ನಿಮ್ಮ ಹಿಟ್ಟಿನ ಗಿರಣಿಯ ಹಿಂದಿನದು. ಇಬ್ಬರೂ ಎರಡನ್ನೂ ನೋಡೋಣ. ನೋಡಿದ್ದನ್ನು ನೋಡಿದ ಹಾಗೆ ಬರೆಯೋಣ. ಅವಳಿಗೆ ಯಾವುದು ಒಳ್ಳೆಯದೋ ಅವಳು ಆ ಕಡೆ. ಕೋರ್ಟು ಕಚೇರಿ ಬೇಡ.

ನಾನು ನೋಡಿದ್ದು ಮೊದಲು ಹೇಳುತ್ತೇನೆ. ಬಸ್ ನಿಲ್ದಾಣದ್ದು ಹೊಸ ಕಟ್ಟಡ. ಗೋಡೆಯ ತುಂಬ ಪ್ರಾಣಿಗಳ ಚಿತ್ರ. ಜಾರುಬಂಡೆ ಇದೆ, ಮಕ್ಕಳ ಅಳತೆಗೆ ಸರಿಯಾದ ಕುರ್ಚಿಗಳಿವೆ, ಪಾಯಿಖಾನೆಯೂ ಮಕ್ಕಳ ಅಳತೆಗೇ ಇದೆ. ಮಧ್ಯಾಹ್ನ ಬಿಸಿ ಊಟ. ನಲವತ್ತು ಮಕ್ಕಳಿಗೆ ಒಬ್ಬ ಟೀಚರ್, ವಯಸ್ಸು ಚಿಕ್ಕದು, ಚುರುಕು. ಮಕ್ಕಳು ಸಾಲಾಗಿ ಕೈ ತೊಳೆಯುವುದನ್ನು ನೋಡಿದರೆ ನಿಮಗೂ ಖುಷಿಯಾಗುತ್ತದೆ. ನನ್ನ ಹೊಲಿಗೆ ಯಂತ್ರದ ಮುಂದೆ ಕೂತರೆ ಅವರು ಹಾಡುವುದು ಕೇಳಿಸುತ್ತದೆ.

ನೀವೂ ಹೋಗಿ ನೋಡಿ.

ಇಂತಿ,
ಗುಬ್ಬಿಯ ಅಮ್ಮ


ಫೆಬ್ರವರಿ ೧೭

ಗುಬ್ಬಿಯ ಅಮ್ಮನಿಗೆ,

ಕಾಗದ ತಲುಪಿತು. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಕಡೆಯದನ್ನು ನೋಡಿಬಂದೆ. ಕಟ್ಟಡ ಚೆನ್ನಾಗಿದೆ. ಗೋಡೆಯ ಮೇಲಿನ ಆನೆ ಮಾತ್ರ ಸೊಂಡಿಲು ಬಂದ ಎಮ್ಮೆಯ ಹಾಗಿದೆ. ಜಾರುಬಂಡೆ ಬಿಸಿಲಿಗೆ ಕಾದು ಹಂಚಾಗಿತ್ತು, ಕೈಯಿಟ್ಟು ನೋಡಿದೆ. ಗೇಟು ನೇರ ಬಸ್ಸು ತಿರುಗುವ ಕಡೆಗೆ ತೆರೆಯುತ್ತದೆ, ಅದನ್ನು ನೀನು ಬರೆದಿಲ್ಲ. ಪಾಯಿಖಾನೆ ಮಕ್ಕಳ ಅಳತೆಗೆ ಇದೆ, ನಿಜ. ಬಾಗಿಲಿಗೆ ಚಿಲಕವಿಲ್ಲ. ಒಂದು ಮಗು ಒಳಗೆ ಹೋದರೆ ಇನ್ನೊಂದು ಮಗು ಹೊರಗೆ ಬಾಗಿಲು ಹಿಡಿದುಕೊಂಡು ನಿಂತಿರುತ್ತದೆ.

ಇಲ್ಲಿಯದು ಹಳೆಯ ಉಗ್ರಾಣ. ನಿನಗೆ ಗೊತ್ತಿರುವುದೇ. ತಗಡಿನ ಮಾಡು. ಮಕ್ಕಳು ಹನ್ನೊಂದೇ. ಟೀಚರ್‌ಗೆ ವಯಸ್ಸಾಗಿದೆ, ಮಕ್ಕಳು ಅವರನ್ನು ಅಜ್ಜಿ ಟೀಚರ್ ಅನ್ನುತ್ತಾರೆ. ಒಂದೊಂದು ಮಗುವಿನ ಉಗುರು ಅವರಿಗೆ ಗೊತ್ತು. ಗಿರಣಿಯಿಂದ ನಾನು ನಾಲ್ಕು ಹೆಜ್ಜೆ ಹಾಕಿದರೆ ಅಲ್ಲಿರುತ್ತೇನೆ. ನಮ್ಮಮ್ಮ ಇದ್ದಾಳೆ ಮನೆಯಲ್ಲಿ.

ಗುಬ್ಬಿ ಚೆನ್ನಾಗಿದ್ದಾಳೆ. ಮಾತು ಹಾಗೇ ಇದೆ.

ಇಂತಿ,
ಅವಳ ಅಪ್ಪ


ಮಾರ್ಚ್ ೨

ಗುಬ್ಬಿಯ ಅಪ್ಪನಿಗೆ,

ಹೊಳೆ ದಾಟಿ ಬಂದು ನಿಮ್ಮ ಕಡೆಯದನ್ನೂ ನೋಡಿದೆ. ಗಿರಣಿ ಓಡುತ್ತಿತ್ತು. ನೀವು ಬೆನ್ನು ಮಾಡಿ ಚೀಲ ಕಟ್ಟುತ್ತಿದ್ದಿರಿ. ಕರೆಯಲಿಲ್ಲ. ಕರೆದರೂ ಆ ಸದ್ದಿಗೆ ಕೇಳಿಸುತ್ತಿರಲಿಲ್ಲ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಮುಖ ಗಂಟು ಹಾಕಿಕೊಳ್ಳಬೇಡಿ. ಬೇಲಿಯಿಲ್ಲ. ಹಿಂದೆ ಕಾಲುವೆ. ಮಾಡಿನಲ್ಲಿ ಆಕಾಶ ಕಾಣುತ್ತದೆ. ಚಾಪೆ ಹರಿದು ನಾರು ಕಿತ್ತುಬಂದಿದೆ. ಆಟದ ಲಾರಿಗೆ ಒಂದು ಚಕ್ರವೂ ಇಲ್ಲ, ಮಕ್ಕಳು ಅದನ್ನು ದೋಣಿ ಎಂದುಕೊಂಡು ಆಡುತ್ತಿದ್ದರು. ನಿಮ್ಮ ಅಜ್ಜಿ ಟೀಚರ್ ನಟ್ಟನಡು ಹಗಲಿನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದರು. ಮಕ್ಕಳು ಅವರ ಮೇಲೆ ಹತ್ತಿ ಇಳಿಯುತ್ತಿದ್ದರು. ಅದು ಪಾಠವೋ ನಿದ್ದೆಯೋ ನನಗೆ ತಿಳಿಯಲಿಲ್ಲ.

ಇಲ್ಲಿಯ ಟೀಚರ್ ಈ ವರ್ಷ ಮಕ್ಕಳಿಗೆ ಇಪ್ಪತ್ತು ಹಾಡು ಕಲಿಸಿ ಮುಗಿಸಿದ್ದಾರೆ. ನನ್ನ ಮನಸ್ಸು ಈ ಕಡೆಗೇ ಇದೆ. ಇದರಲ್ಲಿ ನನ್ನ ಆಸೆ ಎಷ್ಟು, ಅವಳ ಒಳ್ಳೆಯದು ಎಷ್ಟು ಎಂದು ಕೇಳಬೇಡಿ. ನಾನೂ ಕೇಳಿಕೊಳ್ಳುತ್ತಲೇ ಇದ್ದೇನೆ.

ಅವಳ ಮಾತು ಹಾಗೇ ಇದೆ ಎಂದು ಬರೆದಿದ್ದಿರಿ. ಇಲ್ಲಿಯೂ ಹಾಗೇ. ನಿನ್ನೆ ನೀರು ಕೇಳಲು ಬಂದು "ನೀ... ನೀ..." ಎಂದು ನಿಂತು, ಕೊನೆಗೆ ಹೂಜಿಯ ಕಡೆಗೆ ಬೆರಳು ತೋರಿಸಿದಳು. ಚಿಕ್ಕವನು ಹೋಗುವ ಮುಂಚೆ ಎಷ್ಟು ವಟಗುಟ್ಟುತ್ತಿದ್ದಳು. ಆಗ ಬಾಯಿ ಮುಚ್ಚು ಎಂದು ನಾನೇ ಗದರುತ್ತಿದ್ದೆ.

ಇಂತಿ,
ಗುಬ್ಬಿಯ ಅಮ್ಮ


ಮಾರ್ಚ್ ೧೯

ಗುಬ್ಬಿಯ ಅಮ್ಮನಿಗೆ,

ಬೇಲಿ ಹಾಕಿಸಿದೆ. ಗಿರಣಿಗೆ ಬರುವವರನ್ನೆಲ್ಲ ಹಿಡಿದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಗೂಟ ಹೊಡೆಸಿದೆ. ಕಾಲುವೆಯ ಕಡೆ ಎರಡು ಸುತ್ತು ತಂತಿ. ಮಾಡಿಗೆ ಹೊಸ ತಗಡು. ಇನ್ನು ಆಕಾಶ ನೋಡಬೇಕಾದರೆ ಹೊರಗೆ ಬರಬೇಕು.

ಅಜ್ಜಿ ಟೀಚರ್ ನಿದ್ದೆ ಮಾಡುತ್ತಿರಲಿಲ್ಲ. ಅವರು ಸೇತುವೆಯಾಗಿದ್ದರು. ಮಕ್ಕಳು ಬಸ್ಸು. ನಾನು ಕೇಳಿದಾಗ "ಸೇತುವೆ ಅಲುಗಾಡಿದ್ರೆ ಬಸ್ಸು ಬೀಳುತ್ತಪ್ಪಾ, ಅದಕ್ಕೇ ಉಸಿರು ಬಿಗಿ ಹಿಡ್ಕೊಂಡಿದ್ದೆ" ಎಂದರು.

ಹಾಂ, ನಿನ್ನ ಕಡೆಯ ಶಿಶುವಿಹಾರದ ಬಾಗಿಲಿಗೂ ಒಂದು ಚಿಲಕ ಹಾಕಿಬಂದೆ. ಗುಬ್ಬಿ ಅಲ್ಲಿಗೆ ಬಾರದಿದ್ದರೂ ಯಾರೋ ಒಬ್ಬರ ಮಗಳು ಬಾಗಿಲು ಹಿಡಿದುಕೊಂಡು ನಿಲ್ಲಬೇಕಲ್ಲ.

ಇನ್ನೊಂದು ಹೇಳಬೇಕು. ಮೊನ್ನೆ ಗಿರಣಿ ಓಡುತ್ತಿದ್ದಾಗ ಗುಬ್ಬಿ ಹಿಟ್ಟಿನ ಚೀಲಗಳ ಮೇಲೆ ಕೂತಿದ್ದಳು. ತಿರುಗಿ ನೋಡಿದರೆ ತುಟಿ ಒಂದೇ ಸಮನೆ ಆಡುತ್ತಿದೆ. ಕೈ ತಿರುಗಿಸಿ, ಕಣ್ಣರಳಿಸಿ ಏನೋ ಹೇಳುತ್ತಿದ್ದಾಳೆ. ಎಲ್ಲಿಯೂ ನಿಲ್ಲುತ್ತಿಲ್ಲ, ತಡವರಿಸುತ್ತಿಲ್ಲ. ಏನು ಹೇಳುತ್ತಿದ್ದಾಳೆ ಎಂದು ಕೇಳುವ ಆಸೆಗೆ ಓಡಿಹೋಗಿ ಮೋಟರ್ ಆರಿಸಿದೆ. ಸದ್ದು ನಿಂತಿತು. ಅವಳ ತುಟಿಯೂ ನಿಂತಿತು.

ಆವತ್ತು ಮತ್ತೆ ಗಿರಣಿ ಹಾಕಲು ಮನಸ್ಸಾಗಲಿಲ್ಲ.

ಇಂತಿ,
ಅವಳ ಅಪ್ಪ


ಏಪ್ರಿಲ್ ೬

ಗುಬ್ಬಿಯ ಅಪ್ಪನಿಗೆ,

ನಿಮ್ಮ ಬೇಲಿ, ತಗಡು ಎಲ್ಲ ನೋಡಿ ಅಣ್ಣ ನಗುತ್ತಾನೆ. "ನೀವಿಬ್ಬರೂ ಇನ್ನೊಂದು ವರ್ಷ ಹೀಗೇ ಪೈಪೋಟಿ ಮಾಡಿ, ಊರಿನ ಮಕ್ಕಳಿಗೆಲ್ಲ ಅರಮನೆ ಆಗುತ್ತೆ" ಅನ್ನುತ್ತಾನೆ. ನಾನೂ ಸುಮ್ಮನೆ ಕೂತಿಲ್ಲ. ಮಿಕ್ಕ ಬಟ್ಟೆಗಳನ್ನು ಜೋಡಿಸಿ ದಪ್ಪನೆಯ ಹಾಸು ಹೊಲಿದಿದ್ದೇನೆ. ಬಸ್ ನಿಲ್ದಾಣದ ಮಕ್ಕಳಿಗೆ ನಾಲ್ಕು ಕೊಟ್ಟೆ. ಇನ್ನೆರಡು ಈ ಸಲ ಗುಬ್ಬಿಯ ಜೊತೆ ಬರುತ್ತವೆ. ಹರಿದ ಚಾಪೆಯನ್ನು ಎಸೆಯಲು ನಿಮ್ಮ ಟೀಚರಮ್ಮನಿಗೆ ಹೇಳಿ.

ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ನೋಡಿದ್ದನ್ನು ನೋಡಿದ ಹಾಗೆ ಬರೆಯೋಣ ಎಂದವಳು ನಾನೇ.

ಕಳೆದ ಬುಧವಾರ ಅವಳನ್ನು ಇಲ್ಲಿಯ ಶಿಶುವಿಹಾರದಲ್ಲಿ ಒಂದು ದಿನ ಕೂರಿಸಿದೆ. ಟೀಚರ್ ತುಂಬ ಪ್ರೀತಿಯಿಂದಲೇ ಅವಳನ್ನು ಮುಂದೆ ನಿಲ್ಲಿಸಿ "ಎಲ್ಲಾರ್ಗೂ ನಿನ್ನ ಹೆಸರು ಹೇಳು ಪುಟ್ಟಿ" ಎಂದರು. ಗುಬ್ಬಿ ಬಾಯಿ ತೆರೆದಳು. "ನ..." ಎಂದಳು, ಅಲ್ಲಿಂದ ಮುಂದೆ ಹೋಗಲಿಲ್ಲ. "ಪರ್ವಾಗಿಲ್ಲ, ನಿಧಾನಕ್ಕೆ ಹೇಳು" ಎಂದರು. ಮತ್ತೆ ಹಾಗೇ. "ಉಸಿರು ತಗೊಂಡು ಹೇಳು" ಎಂದರು. ನಲವತ್ತು ಮಕ್ಕಳು ಅವಳ ಬಾಯನ್ನೇ ನೋಡುತ್ತಿದ್ದರು. ಹಿಂದಿನಿಂದ ಒಬ್ಬ "ನ-ನ-ನ-ನ" ಎಂದ. ಎಲ್ಲರೂ ನಕ್ಕರು. ಮಕ್ಕಳಲ್ಲವೇ, ಕೆಟ್ಟ ಬುದ್ಧಿಯಿಂದ ನಕ್ಕದ್ದಲ್ಲ. ಗುಬ್ಬಿ ಅಳಲಿಲ್ಲ. ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಳು.

ಟೀಚರ್ ತಾವೇ ಅವಳನ್ನು ತೊಳೆದು ಬಟ್ಟೆ ಬದಲಿಸಿದರು. ನಾನು ಕರೆದುಕೊಂಡು ಬರಲು ಹೋದಾಗ ನಡೆದದ್ದನ್ನೆಲ್ಲ ಅವರೇ ಹೇಳಿದರು, ಕಣ್ಣು ಕೆಂಪಾಗಿತ್ತು. "ನಂಗೆ ಹೊಳೀಲಿಲ್ಲ ಅಕ್ಕಾ. ಇಷ್ಟು ಜನರಲ್ಲಿ ಒಬ್ಬೊಬ್ಬರನ್ನೇ ನೋಡೋಕೆ ಆಗಲ್ಲ" ಎಂದರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಗುಬ್ಬಿ ನನ್ನ ಸೆರಗು ಬಿಡಲಿಲ್ಲ. ಆವತ್ತಿನಿಂದ ಬೆರಳು ತೋರಿಸುವುದನ್ನೂ ನಿಲ್ಲಿಸಿದ್ದಾಳೆ. ಬಾಯಾರಿದರೆ ಹೂಜಿಯ ಹತ್ತಿರ ಹೋಗಿ ನಿಲ್ಲುತ್ತಾಳೆ, ಅಷ್ಟೇ.

ಈಗ ನಿಮ್ಮ ಕಡೆಯೂ ಒಂದು ದಿನ ಕೂರಿಸಿ ನೋಡಿ.

ಇಂತಿ,
ಗುಬ್ಬಿಯ ಅಮ್ಮ


ಏಪ್ರಿಲ್ ೨೩

ಗುಬ್ಬಿಯ ಅಮ್ಮನಿಗೆ,

ನಿನ್ನ ಕಾಗದವನ್ನು ಗಿರಣಿಯಲ್ಲಿ ನಿಂತೇ ಓದಿದೆ. ನಮ್ಮಮ್ಮ ಏನಾಯ್ತೋ ಎಂದು ಕೇಳಿದಳು. ಕಣ್ಣಿಗೆ ಹಿಟ್ಟು ಬಿತ್ತು ಎಂದೆ.

ಗುಬ್ಬಿಯನ್ನು ಅಜ್ಜಿ ಟೀಚರ್ ಹತ್ತಿರ ಒಂದು ದಿನವಲ್ಲ, ಎರಡು ವಾರದಿಂದ ಅವಳು ಇಲ್ಲಿ ಇದ್ದಾಗೆಲ್ಲ ಕೂರಿಸುತ್ತಿದ್ದೇನೆ. ಮೊದಲ ದಿನ ಹೋದವಳೇ ಮೇಜಿನ ಕೆಳಗೆ ಸೇರಿಕೊಂಡಳು. ನಾನು ಎಳೆಯಲು ಹೋದೆ. ಟೀಚರ್ "ಬಿಡಪ್ಪ, ಅಲ್ಲಿ ತಂಪಾಗಿದೆ" ಎಂದರು. ಊಟದ ತಟ್ಟೆಯನ್ನೂ ಮೇಜಿನ ಕೆಳಗೇ ಕೊಟ್ಟರು. ಹೆಸರು ಕೇಳಲಿಲ್ಲ. ಏನೂ ಕೇಳಲಿಲ್ಲ. ಎರಡನೆಯ ದಿನ ಇನ್ನೊಂದು ಹುಡುಗಿ ತಾನೂ ತಟ್ಟೆ ತೆಗೆದುಕೊಂಡು ಕೆಳಗೆ ನುಗ್ಗಿದಳು. ಆಮೇಲೆ ಮೂವರಾದರು.

ಆಮೇಲಿನದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಕಡೆಗೆ ಎಳೆದ ಹಾಗಾಗುತ್ತದೆ. ನೀನೇ ಬಂದು ನೋಡು. ನನಗೆ ಹೇಳಿ ಬರಬೇಕೆಂದೇನೂ ಇಲ್ಲ.

ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ, ಹೊಲಿಗೆ ಯಂತ್ರ ಇಡುವಷ್ಟು ಜಾಗವಿದೆ. ಸುಮ್ಮನೆ ಹೇಳಿದೆ.

ಇಂತಿ,
ಅವಳ ಅಪ್ಪ


ಮೇ ೧೧

ಗುಬ್ಬಿಯ ಅಪ್ಪನಿಗೆ,

ಬಂದಿದ್ದೆ. ಶಿಶುವಿಹಾರದ ಪಕ್ಕದ ಕಿಟಕಿಯಲ್ಲಿ ನಿಂತು ನೋಡಿದೆ. ಅಜ್ಜಿ ಟೀಚರ್ ನನ್ನನ್ನು ಕಂಡರು, ಕಂಡೂ ಕಾಣದವರ ಹಾಗೆ ಮಕ್ಕಳ ಬಟ್ಟೆ ಮಡಚುತ್ತಾ ಕೂತರು.

ಗುಬ್ಬಿ ಮೇಜಿನ ಕೆಳಗೆ ಇರಲಿಲ್ಲ. ನಾನು ಹೊಲಿದ ಹಾಸಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಸುತ್ತ ಮೂರು ನಾಲ್ಕು ಮಕ್ಕಳು. ಗಿರಣಿಯ ಬೆಕ್ಕಿನ ಕಥೆ ಹೇಳುತ್ತಿದ್ದಳು. "ಬೆ... ಬೆಕ್ಕು ಹಿಟ್ಟಲ್ಲಿ ಬಿತ್ತು. ಬಿ... ಬಿಳೀ ಆಯ್ತು." ತಡವರಿಸಿದಾಗ ಯಾರೂ ಅವಳ ಬಾಯಿ ನೋಡಲಿಲ್ಲ. ಒಬ್ಬ ತನ್ನ ಕಾಲ್ಬೆರಳು ಕೆರೆದುಕೊಳ್ಳುತ್ತಾ ಕಾದ. ಮಾತು ಬಂದ ಮೇಲೆ "ಆಮೇಲೆ?" ಎಂದ.

ಆಮೇಲೆ ಅವಳು ಹೇಳಿದ್ದನ್ನು ನೀವು ಕೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ನಂಗೊಬ್ಬ ತಮ್ಮ ಇದ್ದ. ಸ... ಸತ್ತೋದ."

"ಯಾಕೆ?" ಎಂದ ಆ ಹುಡುಗ.

"ಗೊತ್ತಿಲ್ಲ. ಯಾರೂ ಹೇ... ಹೇಳಿಲ್ಲ."

ಟೀಚರ್ ತಲೆಯೆತ್ತದೆ ಕೇಳಿದರು. "ಅವನ ಹೆಸರೇನಿತ್ತು ಮರೀ?"

"ಹೆಸರು ಇಟ್ಟಿರ್ಲಿಲ್ಲ. ನಾ... ನಾನು ಪುಟ್ಟಾಣಿ ಅಂತಿದ್ದೆ. ಅವ್ನ ಕಿವೀಲಿ ಹೇಳಿದ್ದೆ."

ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನದಿಂದ ನಾವಿಬ್ಬರೂ ಅವನ ವಿಷಯ ತುಟಿಪಿಟಕ್ಕೆನ್ನಲಿಲ್ಲ. ನೀವು ಗಿರಣಿಯ ಸದ್ದಿನೊಳಗೆ ಸೇರಿಕೊಂಡಿರಿ. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ನಮಗೆ ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಆ ಮನೆಯಲ್ಲಿ ಒಂದು ಮಗು ಇತ್ತು, ಅದಕ್ಕೂ ಒಬ್ಬ ತಮ್ಮ ಹೋಗಿದ್ದ. ಅವನಿಗೆ ಅದು ಹೆಸರಿಟ್ಟಿತ್ತು. ಅದನ್ನು ಹೇಳಲು ಅದಕ್ಕೆ ಯಾರೂ ಇರಲಿಲ್ಲ.

ಕಿಟಕಿಯ ಸರಳು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಹೋಗಿ ಅವಳನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು. ಹೋದರೆ ಮಾತು ನಿಂತುಹೋಗುತ್ತದೆ ಎಂದು ಹೆದರಿ ಬಂದುಬಿಟ್ಟೆ.

ಅವಳು ನಿಮ್ಮ ಕಡೆಯೇ ಇರಲಿ. ನಾಳೆ ನನ್ನ ಮನಸ್ಸು ಬದಲಾದರೆ ಈ ಕಾಗದವನ್ನು ನನಗೆ ತೋರಿಸಿ.

ಹಿಂದಿನ ಕೋಣೆಯ ವಿಷಯ ಸುಮ್ಮನೆ ಬರೆದದ್ದಲ್ಲ ಎಂದು ನನಗೆ ಗೊತ್ತು. ಬಾಯಿಬಿಟ್ಟು ಕೇಳಬೇಡಿ. ಕೇಳಿದರೆ ನಾನು ಹೂಂ ಎಂದುಬಿಡುತ್ತೇನೆ. ಬಂದು ಎಂಟು ದಿನಕ್ಕೆ ನಾವಿಬ್ಬರೂ ಹಿಂದಿನ ಹಾಗೇ ಆಗುತ್ತೇವೆ. ತಟ್ಟೆ ಇಡುವ ಸದ್ದು, ಬಾಗಿಲು ಹಾಕುವ ಸದ್ದು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಈಗ ತಾನೇ ಅವಳಿಗೆ ಮಾತು ಹಿಂದಿರುಗುತ್ತಿದೆ. ಇಷ್ಟನ್ನು ಕಾಗದದಲ್ಲಿ ಬರೆಯುವ ಧೈರ್ಯ ನನಗೆ ಬಂದಿದೆ. ನಿಮ್ಮೆದುರು ಕೂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಒಂದು ಕೆಲಸ ಮಾಡಿ. ಅವಳು ಇನ್ನೊಮ್ಮೆ ಪುಟ್ಟಾಣಿಯ ಮಾತೆತ್ತಿದರೆ ಗಿರಣಿ ನಿಲ್ಲಿಸಿ, ಕೂತು, ಉತ್ತರ ಕೊಡಿ.

ಇಂತಿ,
ನಿಮ್ಮ ಗುಬ್ಬಿಯ ಅಮ್ಮ


ಜೂನ್ ೪

ಗುಬ್ಬಿಯ ಅಮ್ಮನಿಗೆ,

ಸೋಮವಾರ ಸೇರಿಸಿದೆ. ಅಳಲಿಲ್ಲ. ನೀನು ಹೊಲಿದ ನೀಲಿ ಅಂಗಿ ಹಾಕಿಕೊಂಡಿದ್ದಳು. ಜಡೆ ಹಾಕಲು ನನಗೆ ಬರುವುದಿಲ್ಲ, ನಮ್ಮಮ್ಮನಿಗೆ ಕಣ್ಣು ಕಾಣುವುದಿಲ್ಲ. ಇಬ್ಬರೂ ಸೇರಿ ಹಾಕಿದ ಜಡೆ ಕಿವಿಯ ಪಕ್ಕದಲ್ಲಿ ಹುಟ್ಟಿದ ಹಾಗಿತ್ತು. ಅಜ್ಜಿ ಟೀಚರ್ ಬಿಚ್ಚಿ ಸರಿಯಾಗಿ ಹಾಕಿದರು.

ಅವಳು ಕೇಳಿದಳು. ಗಿರಣಿ ನಿಲ್ಲಿಸಿದೆ. ಕೂತೆ. ಹಿಟ್ಟು ಮಾಡಿಸಲು ಬಂದವರು ಹೊರಗೆ ಕಾದರು. ಅವನ ಎದೆ ತುಂಬ ಸಣ್ಣದಿತ್ತು, ಉಸಿರು ಸಾಲಲಿಲ್ಲ, ಯಾರೂ ಏನೂ ಮಾಡುವ ಹಾಗಿರಲಿಲ್ಲ, ನೀನೂ ಏನೂ ಮಾಡಿಲ್ಲ ಗುಬ್ಬೀ ಎಂದೆ. "ಅ... ಅಮ್ಮಂಗೆ ಗೊತ್ತಾ?" ಎಂದಳು. ಗೊತ್ತು ಎಂದೆ. "ಅವ್ಳು ಅತ್ತಳಾ?" ಎಂದಳು. ನಾವಿಬ್ಬರೂ ಅತ್ತೆವು, ಬೇರೆಬೇರೆ ಕೋಣೆಯಲ್ಲಿ, ಎಂದೆ.

ನೀನು ಕೇಳಬೇಡ ಅಂದದ್ದನ್ನು ಕೇಳುವುದಿಲ್ಲ. ಕೋಣೆ ಹಾಗೇ ಇರುತ್ತದೆ.

ಶುಕ್ರವಾರ ಸಂಜೆಯ ಬಸ್ಸಿಗೆ ಕರೆತರುತ್ತೇನೆ. ನಿಲ್ದಾಣದಲ್ಲಿ ಇರು.

ಇಂತಿ,
ನಿನ್ನ ಗುಬ್ಬಿಯ ಅಪ್ಪ


ಆಗಸ್ಟ್ ೨೬

ಗುಬ್ಬಿಯ ಅಪ್ಪನಿಗೆ,

ತುಂಬ ದಿನವಾಯಿತು ಬರೆದು. ಶುಕ್ರವಾರ, ಭಾನುವಾರ ನಿಲ್ದಾಣದಲ್ಲಿ ನಿಮ್ಮನ್ನು ಕಾಣುತ್ತೇನೆ. ಚೀಲ ಕೊಡುತ್ತೀರಿ, ತೆಗೆದುಕೊಳ್ಳುತ್ತೇನೆ. "ಊಟ ಆಯ್ತಾ" ಎನ್ನುತ್ತೀರಿ, ಆಯಿತು ಎನ್ನುತ್ತೇನೆ. ಅಷ್ಟರಲ್ಲಿ ಅಣ್ಣ ಸೀಟಿ ಊದುತ್ತಾನೆ.

ನನಗೊಂದು ಕೆಲಸ ಸಿಕ್ಕಿದೆ. ಬಸ್ ನಿಲ್ದಾಣದ ಶಿಶುವಿಹಾರಕ್ಕೆ ಒಬ್ಬ ಸಹಾಯಕಿ ಬೇಕಿತ್ತು. ಟೀಚರ್ ತಾವೇ ಮನೆಗೆ ಬಂದು ಕರೆದರು. "ಅಕ್ಕಾ, ಆವತ್ತು ನಿಮ್ಮ ಮಗಳಿಗೆ ಆದ ಹಾಗೆ ಇನ್ನೊಂದು ಮಗೂಗೆ ಆಗಬಾರದು. ನನಗೆ ಇನ್ನೆರಡು ಕಣ್ಣು ಬೇಕು" ಎಂದರು. ಬೆಳಿಗ್ಗೆ ಅಲ್ಲಿಗೆ ಹೋಗುತ್ತೇನೆ, ಹೊಲಿಗೆ ಸಂಜೆಗೆ. ಹೊಸ ಮಕ್ಕಳು ಬಾಗಿಲಲ್ಲಿ ಅಮ್ಮನ ಕೈ ಬಿಡದೆ ಅಳುತ್ತಾರೆ. ಅವರನ್ನು ಎತ್ತಿಕೊಳ್ಳುವುದು ನನ್ನ ಕೆಲಸ. "ಸಂಜೆ ಅಮ್ಮ ಬರ್ತಾಳೆ" ಎಂದು ಅವರಿಗೆ ಹೇಳುತ್ತೇನೆ. ಅವರು ನನ್ನ ಹೆಗಲಿಗೆ ಮೂಗು ಒರೆಸಿಕೊಂಡು ಸುಮ್ಮನಾಗುತ್ತಾರೆ. ಯಾರ ಹೆಸರನ್ನೂ ನಾವೀಗ ಎಲ್ಲರೆದುರು ಕೇಳುವುದಿಲ್ಲ.

ಬರೆಯಲು ಕೂತದ್ದು ಇದಕ್ಕಲ್ಲ. ಮೊನ್ನೆ ಶನಿವಾರದ ವಿಷಯ ನಿಮಗೆ ತಿಳಿಸಬೇಕಿತ್ತು. ನಿಲ್ದಾಣದಲ್ಲಿ ಬಾಯಿಗೆ ಬರಲಿಲ್ಲ.

ಸಂಜೆ ನಾನು ಅಂಗಿಗೆ ಕಾಜಾ ಹಾಕುತ್ತಿದ್ದೆ. ಗುಬ್ಬಿ ಪಕ್ಕದಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ನೆರೆಮನೆಯಲ್ಲಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅವಳು ತಲೆಯೆತ್ತಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ನನ್ನ ಮೊಣಕಾಲು ಅಲುಗಿಸಿ ಕೇಳಿದಳು.

"ಅಮ್ಮಾ, ನಾನು ಮನೆಗೆ ಯಾವಾಗ ಹೋಗೋದು?"

ಎಲ್ಲಿಯೂ ನಿಲ್ಲಲಿಲ್ಲ. ಒಂದಕ್ಷರವೂ ತಡವರಿಸಲಿಲ್ಲ. ಇಷ್ಟು ದಿನದಲ್ಲಿ ಅವಳು ನನಗೆ ಹೇಳಿದ ಮೊದಲ ಇಡೀ ಮಾತು ಅದು.

"ನಾಳೆ ಸಂಜೆ ಕಂದಾ" ಎಂದೆ. ಸರಿ ಎಂದು ಮತ್ತೆ ಗುಂಡಿ ಆರಿಸತೊಡಗಿದಳು.

ಅಜ್ಜಿ ಟೀಚರ್‌ಗೂ ಹೇಳಿ, ಅವರಿಗೆ ಸಂತೋಷವಾಗುತ್ತದೆ.

ಇಂತಿ,
ಗುಬ್ಬಿಯ ಅಮ್ಮ